ಚಿರತೆಯನ್ನು ನೋಡಲು ಹೊರಟವರು

(ಪರಿಸರ ಅಧ್ಯಯನ ಶಿಬಿರದಲ್ಲಿ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹರೂಪ)



ಮಲೆನಾಡಿನ ಯಾವ ಊರನ್ನು ತೆಗೆದುಕೊಂಡರೂ ಅಲ್ಲಿನ ಒಂದೆರಡು ಮನೆಗಳ ಮಕ್ಕಳಾದರೂ ಇಂದು ದಕ್ಷಿಣ ಬೆಂಗಳೂರಿನಲ್ಲಿದ್ದಾರೆ. ಕೆಲವರು ಜಯನಗರ, ಬನಶಂಕರಿ, ಜೆ.ಪಿ. ನಗರಗಳಲ್ಲಿ ಸಂಸಾರ ಹೂಡಿದ್ದಾರೆ, ಕೆಲವರು ಬಿ.ಟಿ.ಎಂ. ಲೇಔಟಿನ ಬಾಡಿಗೆ ಕೋಣೆಗಳಲ್ಲಿದ್ದು ಓದುತ್ತಿದ್ದಾರೆ. ರಜೆ ಸಮೀಪಿಸಿದಾಗ ಇವರ ಮನೆಗಳಲ್ಲಿ ಈಚೆಗೆ ಕೇಳಿಬರುವ ಪ್ರಶ್ನೆಯೊಂದಿದೆ: ಚಿರತೆಯನ್ನು ನೋಡಲು ಎಲ್ಲಿಗೆ ಹೋಗಬೇಕು? ಅದೇ ಸಂಜೆ ಊರಿನಲ್ಲಿ, ಅವರ ದೊಡ್ಡಪ್ಪನ ಮನೆಯವರು ಹೊತ್ತು ಮುಳುಗುವ ಮೊದಲೇ ನಾಯಿಯನ್ನು ಒಳಗೆ ಕಟ್ಟಿ, ಕೊಟ್ಟಿಗೆಯ ಬಾಗಿಲಿಗೆ ಅಗಳಿ ಹಾಕಿ, ಅಂಗಳದ ದೀಪವನ್ನು ಬೆಳಗಿನವರೆಗೆ ಉರಿಯಲು ಬಿಟ್ಟಿರುತ್ತಾರೆ. ಪ್ರಾಣಿ ಒಂದೇ. ಒಂದು ಮನೆಯವರು ಹಣ ತೆತ್ತು ಅದರ ದರ್ಶನ ಬಯಸುತ್ತಾರೆ. ಇನ್ನೊಂದು ಮನೆಯವರು ಅದು ಕಣ್ಣಿಗೆ ಬೀಳದಿರಲೆಂದು ಹರಸಿಕೊಳ್ಳುತ್ತಾರೆ. ಇಬ್ಬರದೂ ತಪ್ಪಲ್ಲ. ಆದರೆ ಮೊದಲನೆಯವರ ಪ್ರವಾಸದ ಯೋಜನೆಯೊಳಗೆ ಎರಡನೆಯವರ ಅನುಭವಕ್ಕೆ ಸ್ಥಾನವೇ ಇಲ್ಲದಿರುವುದು ಯೋಚಿಸಬೇಕಾದ ಸಂಗತಿ.

ಚಿರತೆಗೆ ಮಲೆನಾಡಿನಲ್ಲಿ ‘ಕುರ್ಕ’ ಎಂಬ ಹೆಸರಿದೆ. ಕೆನೆತ್ ಆಂಡರ್ಸನ್ನನ ಶಿಕಾರಿ ಕಥನಗಳನ್ನು ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕತೆಗಳು’ ಮಾಲೆಯಲ್ಲಿ ಕನ್ನಡಕ್ಕೆ ತಂದಾಗ ಒಂದು ಸಂಪುಟಕ್ಕೆ ‘ಜಾಲಹಳ್ಳಿಯ ಕುರ್ಕ’ ಎಂದೇ ಹೆಸರಿಟ್ಟರು. ಮತ್ತೊಂದು ಸಂಪುಟದ ಹೆಸರಿನಲ್ಲಿ ಮಾಗಡಿಯ ಚಿರತೆಯಿದೆ. ಜಾಲಹಳ್ಳಿ ಇಂದು ಬೆಂಗಳೂರಿನ ಒಂದು ಬಡಾವಣೆ. ಆಂಡರ್ಸನ್ನನ ಕಾಲದಲ್ಲಿ ಅದು ಹೆಸರಿಗೆ ತಕ್ಕಂತೆ ಹಳ್ಳಿಯೇ ಆಗಿತ್ತು. ‘ಚಿರತೆ ನಗರಕ್ಕೆ ನುಗ್ಗಿತು’ ಎಂದು ಪತ್ರಿಕೆಗಳು ಬರೆಯುವಾಗ ಈ ಹಿನ್ನೆಲೆಯನ್ನು ನೆನೆದರೆ ಒಳ್ಳೆಯದು. ಬೆಂಗಳೂರಿನ ಸುತ್ತಣ ಕಲ್ಲುಗುಡ್ಡ, ಕುರುಚಲು ಕಾಡು, ಕಾವಲುಗಳಲ್ಲಿ ಚಿರತೆ ಮೊದಲಿನಿಂದಲೂ ಇತ್ತು. ನಡೆದು ಬಂದುದು ನಗರ.

ಇಂದಿಗೂ ಅದು ಅಲ್ಲಿದೆ. ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಹಾಗೂ ಹೊಳೆಮತ್ತಿ ನೇಚರ್ ಫೌಂಡೇಷನ್‌ನ ಅವರ ಸಂಗಡಿಗರು ಬೆಂಗಳೂರಿನ ಅಂಚಿನ ಕಾಡುಗಳಲ್ಲಿ ಕ್ಯಾಮೆರಾಗಳನ್ನು ಅಳವಡಿಸಿ ನಡೆಸಿದ ಅಧ್ಯಯನದ ಫಲ 2025ರಲ್ಲಿ ಪ್ರಕಟವಾಯಿತು. ನಗರದ ಆಸುಪಾಸಿನಲ್ಲಿ 80ರಿಂದ 85 ಚಿರತೆಗಳಿವೆ ಎಂಬುದು ಅವರ ಅಂದಾಜು. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದಲ್ಲಿ 54. ಉಳಿದವು ತುರಹಳ್ಳಿ, ಬಿ.ಎಂ. ಕಾವಲು, ಯು.ಎಂ. ಕಾವಲು, ರೋರಿಕ್ ಎಸ್ಟೇಟ್, ಹೆಸರಘಟ್ಟ ಮೊದಲಾದ ಕಡೆ. ಚಿರತೆಯ ಮೈಮೇಲಿನ ಚುಕ್ಕೆಗಳ ವಿನ್ಯಾಸ ಮನುಷ್ಯನ ಹೆಬ್ಬೆಟ್ಟಿನ ಗುರುತಿನಂತೆ. ಒಂದರಂತೆ ಇನ್ನೊಂದು ಇರುವುದಿಲ್ಲ. ಎರಡು ಕ್ಯಾಮೆರಾಗಳನ್ನು ಎದುರುಬದುರಾಗಿ ಕಟ್ಟಿ ಎರಡೂ ಪಕ್ಕೆಗಳ ಚಿತ್ರ ತೆಗೆದರೆ ಪ್ರತಿಯೊಂದನ್ನೂ ಬೇರೆಬೇರೆಯಾಗಿ ಗುರುತಿಸಬಹುದು. ಒಂದೇ ಚಿರತೆ ಎಷ್ಟು ಸಲ ಮರಳಿ ಸಿಕ್ಕಿತು, ಹೊಸದು ಎಷ್ಟು ಸಿಕ್ಕಿತು ಎಂಬುದರಿಂದ, ಕ್ಯಾಮೆರಾಕ್ಕೆ ಸಿಗದವುಗಳ ಸಂಖ್ಯೆಯನ್ನೂ ಅಂದಾಜಿಸುತ್ತಾರೆ.

ಈ ಸ್ಥಳಗಳ ಪಟ್ಟಿಯನ್ನು ಬನಶಂಕರಿಯ ನಿವಾಸಿ ಓದಿದರೆ ಬೆಚ್ಚಬಹುದು. ತುರಹಳ್ಳಿಯ ಕಾಡು ಬನಶಂಕರಿ ಆರನೆಯ ಹಂತದ ಮಗ್ಗುಲಲ್ಲೇ ಇದೆ. 2021ರ ಆರಂಭದಲ್ಲಿ ಅಲ್ಲಿ ‘ವೃಕ್ಷೋದ್ಯಾನ’ ನಿರ್ಮಿಸುವ ಯೋಜನೆ ಬಂದಾಗ ಸುತ್ತಲಿನ ನಿವಾಸಿಗಳೇ ಬೀದಿಗಿಳಿದು ವಿರೋಧಿಸಿದರು. ಕಾಡು ಕಾಡಾಗಿಯೇ ಇರಲಿ ಎಂದರು. ಕನಕಪುರ ರಸ್ತೆಯ ತಾತಗುಣಿಯಲ್ಲಿರುವ ರೋರಿಕ್ ಎಸ್ಟೇಟ್, ಚಿತ್ರಕಾರ ಸ್ವೆತೋಸ್ಲಾವ್ ರೋರಿಕ್ ಮತ್ತು ಚಿತ್ರನಟಿ ದೇವಿಕಾರಾಣಿ ದಂಪತಿ ಸುಗಂಧ ತೈಲದ ಲಿನಾಲೋ ಮರಗಳನ್ನು ಬೆಳೆಸಿದ್ದ ತೋಟ. ‘ಕಾವಲು’ ಎಂಬ ಪದವಂತೂ ಮೈಸೂರು ಸಂಸ್ಥಾನದ ಕಾಲದ ಹುಲ್ಲುಗಾವಲುಗಳ ಗುರುತು. ಒಬ್ಬ ಕಲಾವಿದನ ತೋಟ, ದನಗಳ ಹುಲ್ಲುಗಾವಲು, ಬಡಾವಣೆಯ ಪಕ್ಕದ ಕಲ್ಲುಗುಡ್ಡ: ಚಿರತೆಗೆ ಇಷ್ಟು ಸಾಕಾಗುತ್ತದೆ. ಹುಲಿಗೆ ಸಾಲದು. ಮಲೆನಾಡಿನ ಸೊಪ್ಪಿನ ಬೆಟ್ಟಗಳಲ್ಲೂ ಕಾಫಿ ತೋಟಗಳಲ್ಲೂ ಕುರ್ಕ ಉಳಿದುಕೊಂಡಿರುವುದು ಇದೇ ಕಾರಣದಿಂದ. ಮೊಲ, ಕಾಡುಕುರಿ, ಮುಸುವ, ನವಿಲು, ಹಂದಿಮರಿ, ನಾಯಿ, ಕೊನೆಗೆ ಹೆಗ್ಗಣದವರೆಗೆ ಸಿಕ್ಕಿದ್ದನ್ನು ತಿಂದು, ಹಗಲಿಡೀ ಬಂಡೆಯ ಸಂದಿಯಲ್ಲಿ ಮಲಗಿ, ಮನುಷ್ಯ ಮಲಗಿದ ಮೇಲೆ ಏಳುವ ಜೀವ ಅದು.

ಇನ್ನು ಪ್ರವಾಸದ ಮಾತು. ದಕ್ಷಿಣ ಬೆಂಗಳೂರಿನಿಂದ ಹೊರಡುವವರಿಗೆ ಅತ್ಯಂತ ಹತ್ತಿರದ್ದು ಬನ್ನೇರುಘಟ್ಟ ಜೈವಿಕ ಉದ್ಯಾನದ ಚಿರತೆ ಸಫಾರಿ. ಬಿ.ಟಿ.ಎಂ. ಲೇಔಟಿನಿಂದ ಬನ್ನೇರುಘಟ್ಟ ರಸ್ತೆ ಹಿಡಿದು ಅರೆಕೆರೆ, ಹುಳಿಮಾವು, ಗೊಟ್ಟಿಗೆರೆ ದಾಟಿದರೆ ಸಾಕು. ಮೆಜೆಸ್ಟಿಕ್‌ನಿಂದ ಬರುವ 365ನೆಯ ಸಂಖ್ಯೆಯ ಬಸ್ಸೂ ಇದೇ ದಾರಿಯದು. ಮಂಗಳವಾರ ಉದ್ಯಾನಕ್ಕೆ ರಜೆ. ಇದನ್ನು ಮರೆತು ಮಕ್ಕಳನ್ನು ಕರೆದೊಯ್ದು ಗೇಟಿನಿಂದ ಮರಳುವವರು ಕಡಿಮೆಯಿಲ್ಲವಾದ್ದರಿಂದ ಹೇಳಬೇಕಾಯಿತು. ಭಾನುವಾರಕ್ಕಿಂತ ವಾರದ ನಡುವಿನ ದಿನವೊಂದರ ಬೆಳಗಿನ ಹೊತ್ತು ಲೇಸು. ಮಧ್ಯಾಹ್ನದ ಬಿಸಿಲಿನಲ್ಲಿ ಬೆಕ್ಕಿನ ಜಾತಿಯ ಯಾವ ಪ್ರಾಣಿಯೂ ನೆರಳು ಬಿಟ್ಟು ಬರುವುದಿಲ್ಲ.

ಈ ಸಫಾರಿ 2024ರ ಜೂನ್ 26ರಂದು ಆರಂಭವಾಯಿತು. 20 ಹೆಕ್ಟೇರ್, ಅಂದರೆ ಸುಮಾರು ಐವತ್ತು ಎಕರೆ ಕಲ್ಲುಗುಡ್ಡ ಮತ್ತು ಕುರುಚಲು ಕಾಡಿಗೆ ಬೇಲಿ ಹಾಕಿ ಮೊದಲಿಗೆ ಎಂಟು ಚಿರತೆಗಳನ್ನು ಬಿಡಲಾಯಿತು. ಸಿಂಹಕ್ಕೆ ಸಾಕಾಗುವ ಬೇಲಿ ಚಿರತೆಗೆ ಸಾಲದು, ಏಕೆಂದರೆ ಅದು ಹತ್ತಬಲ್ಲುದು. ಆದ್ದರಿಂದ ನಾಲ್ಕೂವರೆ ಮೀಟರ್ ಎತ್ತರದ ಜಾಲರಿಯ ತುದಿಗೆ ಒಂದೂವರೆ ಮೀಟರ್ ಅಗಲದ ಉಕ್ಕಿನ ತಗಡನ್ನು ಒಳಮುಖವಾಗಿ ಬಾಗಿಸಿ ಜೋಡಿಸಿದ್ದಾರೆ. ತಗಡಿನ ನುಣುಪಿಗೆ ಉಗುರು ನಿಲ್ಲುವುದಿಲ್ಲ. ಮಲೆನಾಡಿನಲ್ಲಿ ಕೊಟ್ಟಿಗೆಗೆ ಕಿಟಕಿ ಇಡಿಸುವವರು ಈ ತಗಡಿನ ಉಪಾಯವನ್ನು ಗಮನಿಸಬೇಕು.

ಅಲ್ಲಿ ಕಾಣುವ ಚಿರತೆಗಳು ಯಾರು? ‘ಯಾರು’ ಎಂಬ ಪದ ಇಲ್ಲಿ ತಪ್ಪಾಗಲಾರದು, ಏಕೆಂದರೆ ಪ್ರತಿಯೊಂದಕ್ಕೂ ಒಂದು ಪೂರ್ವಕಥೆಯಿದೆ. ಇಂಥ ಉದ್ಯಾನಗಳಿಗೆ ಬರುವ ಚಿರತೆಗಳಲ್ಲಿ ಕೆಲವು ಉರುಳಿಗೆ ಸಿಕ್ಕಿ ಕಾಲು ಕಳೆದುಕೊಂಡವು, ಕೆಲವು ಊರಿನ ನಡುವೆ ಬೋನಿಗೆ ಬಿದ್ದವು, ಕೆಲವು ಕಬ್ಬಿನ ಗದ್ದೆಯಲ್ಲಿ ಸಿಕ್ಕ ಮರಿಗಳು. ಈ ಕೊನೆಯ ಗುಂಪಿನ ಬಗ್ಗೆ ರೈತರು ತಿಳಿಯಬೇಕಾದದ್ದು ಬಹಳವಿದೆ. ಕಬ್ಬು ಹತ್ತು ಹನ್ನೆರಡು ತಿಂಗಳು ಕದಲದೆ ನಿಲ್ಲುವ ಬೆಳೆ. ನೆರಳು, ತೇವ, ಪಕ್ಕದಲ್ಲೇ ಕಾಲುವೆಯ ನೀರು, ಇಲಿ-ಹೆಗ್ಗಣ-ಹಂದಿ-ನಾಯಿಗಳ ಓಡಾಟ, ಮನುಷ್ಯರ ಕಾಲ್ತುಳಿತವಿಲ್ಲದ ತಿಂಗಳುಗಳು. ತಾಯಿ ಚಿರತೆ ಇದನ್ನು ಕಾಡೆಂದೇ ಬಗೆದು ಎರಡು ಮೂರು ಮರಿ ಹಾಕುತ್ತದೆ. ಕಟಾವಿನ ದಿನ ಆಳುಗಳು ಕತ್ತಿ ಹಿಡಿದು ಬರುತ್ತಾರೆ, ತಾಯಿ ಸರಿದುಹೋಗುತ್ತದೆ, ಮರಿಗಳು ಕೈಗೆ ಸಿಗುತ್ತವೆ. ‘ತಾಯಿ ಬಿಟ್ಟುಹೋದ ಮರಿ’ ಎಂದು ಊರಿನವರು ಎತ್ತಿ ತರುತ್ತಾರೆ, ಮಕ್ಕಳು ಅಪ್ಪಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ. ತಾಯಿ ಬಿಟ್ಟುಹೋಗಿರುವುದಿಲ್ಲ. ಮರಿಗಳನ್ನು ಅದೇ ಜಾಗದಲ್ಲಿರಿಸಿ, ಜನರೆಲ್ಲ ಹಿಂದೆ ಸರಿದು, ಅರಣ್ಯ ಇಲಾಖೆಗೆ ತಿಳಿಸಿದರೆ ಬಹಳಷ್ಟು ಸಲ ತಾಯಿ ಅದೇ ರಾತ್ರಿ ಬಂದು ಒಂದೊಂದಾಗಿ ಕಚ್ಚಿಕೊಂಡು ಹೋಗುತ್ತದೆ. ಹಾಗಾಗದಿದ್ದರೆ ಮರಿಯ ಮುಂದಿನ ಹದಿನೈದು ವರ್ಷದ ಬಾಳು ಬೇಲಿಯೊಳಗೆ. ಅಲ್ಲಿಯೂ ಅಪಾಯವಿಲ್ಲವೆಂದಲ್ಲ: 2023ರ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಬನ್ನೇರುಘಟ್ಟದಲ್ಲಿ ಬೆಕ್ಕುಗಳ ಪ್ಯಾನ್‌ಲ್ಯುಕೋಪೀನಿಯ ಎಂಬ ವೈರಸ್ ರೋಗ ಹಬ್ಬಿ ಏಳು ಚಿರತೆ ಮರಿಗಳು ಸತ್ತವು.

ಆದ್ದರಿಂದ ಬನ್ನೇರುಘಟ್ಟಕ್ಕೆ ಹೋಗುವವರು ‘ಕಾಡಿನ ಚಿರತೆಯನ್ನು ನೋಡಿದೆವು’ ಎಂದು ಹೇಳಿಕೊಳ್ಳದೆ, ಕಾಡು ಕಳೆದುಕೊಂಡ ಚಿರತೆಯನ್ನು ನೋಡಿದೆವು ಎಂದರೆ ಸತ್ಯಕ್ಕೆ ಹತ್ತಿರ. ಮಕ್ಕಳಿಗೆ ಅದನ್ನು ತೋರಿಸಬಾರದೆಂದಲ್ಲ. ಚಿರತೆಗೂ ಚೀತಾಕ್ಕೂ ಇರುವ ವ್ಯತ್ಯಾಸ, ಒಂದರ ಚುಕ್ಕೆ ಹೂವಿನೆಸಳಿನಂತೆ ಗುಂಪಾಗಿರುವುದು, ಇನ್ನೊಂದರದು ಒಂಟಿ ಬೊಟ್ಟು, ಇವೆಲ್ಲ ಪುಸ್ತಕಕ್ಕಿಂತ ಕಣ್ಣಿನಿಂದ ಬೇಗ ತಿಳಿಯುತ್ತವೆ.

ಆದರೆ ಬೇಲಿಯೊಳಗಿನ ಚಿರತೆಯೂ ಚಿರತೆಯೇ. 2025ರ ಆಗಸ್ಟ್‌ನಲ್ಲಿ ಅಲ್ಲಿನ ಸಫಾರಿ ವಾಹನದ ಕಿಟಕಿಯ ಬಳಿ ಕುಳಿತ ಬಾಲಕನೊಬ್ಬನ ಕೈಯನ್ನು ಚಿರತೆ ಪರಚಿತು. ಅದೇ ವರ್ಷದ ನವೆಂಬರ್‌ನಲ್ಲಿ ಚೆನ್ನೈನಿಂದ ಬಂದಿದ್ದ ಮಹಿಳೆಯೊಬ್ಬರ ಮೇಲೆ ಬಸ್ಸಿನ ಕಿಟಕಿಯ ಮೂಲಕ ಎರಗಿತು. ಮನುಷ್ಯನ ಕೈಯಲ್ಲಿ ಬೆಳೆದ ಚಿರತೆಗೆ ಮನುಷ್ಯನ ಭಯ ಕಡಿಮೆ. ವಾಹನಕ್ಕೆ ಹತ್ತಿರ ಬರುವುದು ಅದಕ್ಕೆ ಸಹಜ. ಹತ್ತಿರ ಬರಲೆಂದೇ ಪ್ರವಾಸಿಗರು ಬಯಸುತ್ತಾರೆ, ಕಿಟಕಿಗೆ ಮೊಬೈಲು ಚಾಚುತ್ತಾರೆ. ಹತ್ತಿರದ ಚಿತ್ರಕ್ಕಾಗಿ ಹಂಬಲಿಸುವ ಈ ಚಟವೇ ಸಫಾರಿಯ ದೊಡ್ಡ ರೋಗ. ಗಾಜು ಅಥವಾ ಜಾಲರಿ ಮುಚ್ಚಿದೆಯೇ ಎಂದು ನೋಡಿ ಕುಳಿತುಕೊಳ್ಳುವುದು, ಮಕ್ಕಳನ್ನು ಒಳಬದಿಯ ಆಸನದಲ್ಲಿ ಕೂರಿಸುವುದು, ಕೈ ಹೊರಗೆ ಹಾಕದಿರುವುದು: ಇಷ್ಟನ್ನು ಪಾಲಿಸಲು ಯಾವ ವಿಜ್ಞಾನವೂ ಬೇಕಿಲ್ಲ.

ಸ್ವಲ್ಪ ಹೆಚ್ಚು ಹಣ ಮತ್ತು ಬಿಡುವು ಉಳ್ಳವರ ದಾರಿ ಕಬಿನಿಯ ಕಡೆಗೆ. ಬೆಂಗಳೂರಿನಿಂದ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರದ ನಾಗರಹೊಳೆಯ ಆ ಅಂಚಿನಲ್ಲಿ ತೇಗದ ಮರದ ಕವಲಿನ ಮೇಲೆ ಮಲಗಿದ ಚಿರತೆ ಕಾಣುವ ಸಂಭವ ರಾಜ್ಯದ ಬೇರೆ ಕಾಡುಗಳಿಗಿಂತ ಹೆಚ್ಚು. ಅಲ್ಲಿನ ಕರಿಚಿರತೆಯೊಂದರ ಚಿತ್ರಗಳು ಲೋಕವಿಖ್ಯಾತವಾದ ಮೇಲೆ ಅದನ್ನೇ ಅರಸಿ ಬರುವವರ ಗುಂಪೂ ಬೆಳೆಯಿತು. ಕರಿಚಿರತೆ ಬೇರೆ ಜಾತಿಯಲ್ಲ. ಬಣ್ಣದ ಒಂದು ಗುಪ್ತ ವಂಶವಾಹಿ ತಂದೆ-ತಾಯಿ ಇಬ್ಬರಿಂದಲೂ ಬಂದಾಗ ಮರಿ ಕಪ್ಪಾಗುತ್ತದೆ. ಒಂದೇ ಸೂಲಿನಲ್ಲಿ ಕಪ್ಪು ಮರಿಯೂ ಚುಕ್ಕೆಯ ಮರಿಯೂ ಹುಟ್ಟಬಹುದು. ಬಿಸಿಲಿನಲ್ಲಿ ನೋಡಿದರೆ ಕಪ್ಪಿನ ಒಳಗೆ ಚುಕ್ಕೆಗಳೂ ಕಾಣುತ್ತವೆ. ದಟ್ಟ ನೆರಳಿನ ಮಳೆಕಾಡುಗಳಲ್ಲಿ ಇಂಥವು ಹೆಚ್ಚು ಎನ್ನುವುದರಿಂದ, ಕಬಿನಿಗೆ ದುಡ್ಡು ಸುರಿಯುವ ಮಲೆನಾಡಿಗರ ಸ್ವಂತ ಊರಿನ ಕಾನಿನಲ್ಲೇ ಒಂದು ಇದ್ದರೂ ಇರಬಹುದು.

ಕಬಿನಿಯ ಮಾತು ಬಂದಾಗ 2025ರ ಅಕ್ಟೋಬರ್-ನವೆಂಬರ್ ತಿಂಗಳುಗಳನ್ನು ಮರೆಯುವಂತಿಲ್ಲ. ಮೈಸೂರು ಜಿಲ್ಲೆಯ ಸರಗೂರು ಸೀಮೆಯಲ್ಲಿ ಹೊಲದಲ್ಲಿ ಕೆಲಸಮಾಡುತ್ತಿದ್ದ, ದನ ಮೇಯಿಸುತ್ತಿದ್ದ ರೈತರು ಹುಲಿಗಳ ದಾಳಿಗೆ ಸಿಕ್ಕಿ ಸತ್ತರು. ಊರುಗಳು ಕುದಿದವು. ರೈತರು ಮುಂದಿಟ್ಟ ಬೇಡಿಕೆಗಳಲ್ಲಿ ಸಫಾರಿಯನ್ನು ನಿಲ್ಲಿಸಬೇಕೆಂಬುದೂ ಒಂದು. ಅರಣ್ಯ ಸಚಿವ ಈಶ್ವರ ಖಂಡ್ರೆಯವರು 2025ರ ನವೆಂಬರ್ 7ರಂದು ನಾಗರಹೊಳೆ ಮತ್ತು ಬಂಡೀಪುರಗಳ ಸಫಾರಿ ನಿಲ್ಲಿಸಲು ಆದೇಶಿಸಿ, ಅಲ್ಲಿನ ಸಿಬ್ಬಂದಿಯನ್ನು ಹುಲಿಯ ಪತ್ತೆಗೆ ಕಳುಹಿಸಿದರು. ಸಫಾರಿ ಜೀಪಿನ ಸದ್ದಿನಿಂದಲೇ ಹುಲಿ ಹೊರಬರುತ್ತದೆ ಎಂಬ ವಾದವನ್ನು ವಿಜ್ಞಾನ ಪೂರ್ತಿಯಾಗಿ ಒಪ್ಪಲಾರದು. ಮುದಿತನ, ಗಾಯ, ಗಡಿಗಾಗಿ ಕಾದಾಟ, ಅಂಚಿನಲ್ಲಿ ಸುಲಭವಾಗಿ ಸಿಗುವ ದನ, ಕಾರಣಗಳು ಹಲವು. ಆದರೆ ಆ ರೈತರ ಸಿಟ್ಟಿನ ಹಿಂದೆ ಒಂದು ನ್ಯಾಯವಾದ ಪ್ರಶ್ನೆಯಿದೆ. ಕಾಡಿನ ಪ್ರಾಣಿಯನ್ನು ನೋಡಲು ಹೊರಗಿನವರು ಕೊಡುವ ಹಣ ರೆಸಾರ್ಟುಗಳಿಗೆ. ಅದೇ ಪ್ರಾಣಿ ಬೇಲಿ ದಾಟಿದಾಗ ಆಗುವ ನಷ್ಟ ಊರಿಗೆ. ಈ ಲೆಕ್ಕ ಸರಿಹೋಗುವವರೆಗೆ ಯಾವ ಸಂರಕ್ಷಣೆಯೂ ಭದ್ರವಲ್ಲ. ಕಬಿನಿಯ ಕಡೆ ಹೊರಡುವವರು ಕೋಣೆ ಕಾದಿರಿಸುವ ಮೊದಲು ಅಂದಿನ ಪರಿಸ್ಥಿತಿಯನ್ನು ಇಲಾಖೆಯಿಂದಲೇ ವಿಚಾರಿಸಿಕೊಳ್ಳುವುದು ಅಗತ್ಯ.

ದೂರದ ರಾಜಸ್ಥಾನದ ಪಾಲಿ ಜಿಲ್ಲೆಯ ಜವಾಯಿ ಎಂಬಲ್ಲಿ ಬೇರೊಂದು ಬಗೆಯ ಚಿತ್ರವಿದೆ. ಅಣೆಕಟ್ಟೆಯೊಂದರ ಸುತ್ತ ಬೋಳು ಕಲ್ಲುಗುಡ್ಡಗಳು, ಗುಡ್ಡದ ಗವಿಗಳಲ್ಲಿ ಚಿರತೆಗಳು, ಬುಡದಲ್ಲಿ ಕೆಂಪು ರುಮಾಲಿನ ರಬಾರಿ ಕುರಿಗಾಹಿಗಳು. ಕುರಿ ಸತ್ತರೂ ರಬಾರಿಗಳು ಚಿರತೆಯನ್ನು ಹಗೆ ಎಂದು ನೋಡುವುದಿಲ್ಲ ಎನ್ನುತ್ತಾರೆ. ಮನುಷ್ಯರ ಮೇಲಿನ ದಾಳಿ ಅಲ್ಲಿ ಅಪರೂಪ. ರಾಮನಗರದ ಬಂಡೆಗಳನ್ನು ನೋಡಿದವರಿಗೆ ಜವಾಯಿ ಹೊಸದೆನಿಸದು. ಆ ಖ್ಯಾತಿಯೇ ಈಗ ಅಲ್ಲಿ ಹೋಟೆಲುಗಳ ಸಾಲನ್ನು ಎಬ್ಬಿಸಿದೆ.

ಈಗ ದಕ್ಷಿಣ ಬೆಂಗಳೂರಿಗೆ ಮರಳಿ, ಯಾರೂ ಟಿಕೆಟ್ಟು ಕೊಳ್ಳದೆ ನಡೆದ ಒಂದು ಚಿರತೆ ದರ್ಶನದ ಮಾತು. 2023ರ ಅಕ್ಟೋಬರ್ ಕೊನೆಯಲ್ಲಿ ಸಿಂಗಸಂದ್ರ, ಕೂಡ್ಲು ಗೇಟ್ ಭಾಗದ ರಸ್ತೆಗಳಲ್ಲಿ ಚಿರತೆಯೊಂದು ಸುಳಿದಾಡಿದ್ದು ಸಿ.ಸಿ.ಟಿ.ವಿ.ಗಳಲ್ಲಿ ದಾಖಲಾಯಿತು. ಬಿ.ಟಿ.ಎಂ. ಲೇಔಟಿಗೆ ಕೆಲವೇ ಕಿಲೋಮೀಟರು. ಎರಡು ಮೂರು ದಿನ ಜನ ಬಾಗಿಲು ಮುಚ್ಚಿ ಕುಳಿತರು, ಮಕ್ಕಳು ಆಟಕ್ಕೆ ಹೋಗಲಿಲ್ಲ. ಆ ದಿನಗಳಲ್ಲಿ ಚಿರತೆ ಯಾರನ್ನೂ ಕೊಂದಿರಲಿಲ್ಲ. ನವೆಂಬರ್ 1ರಂದು ಪಾಳುಬಿದ್ದ ಕಟ್ಟಡವೊಂದರಲ್ಲಿ ಅದನ್ನು ಸುತ್ತುವರಿದು ಅರಿವಳಿಕೆ ಮದ್ದು ಹೊಡೆಯಲು ಯತ್ನಿಸಿದಾಗ ಗಾಬರಿಗೊಂಡು ಸಿಬ್ಬಂದಿಯ ಮೇಲೆರಗಿತು, ಗುಂಡು ತಗುಲಿತು, ಅಂದೇ ಸತ್ತಿತು. 2025ರ ಆಗಸ್ಟ್‌ನಲ್ಲಿ ಆರಂಭವಾದ ಮೆಟ್ರೋದ ಹಳದಿ ಮಾರ್ಗದಲ್ಲಿ ಕೂಡ್ಲು ಗೇಟ್, ಸಿಂಗಸಂದ್ರ ಎರಡೂ ನಿಲ್ದಾಣಗಳು. ನಿತ್ಯ ಇಳಿದು ಹತ್ತುವ ಸಾವಿರಾರು ಜನರಲ್ಲಿ ಎಷ್ಟು ಮಂದಿಗೆ ಇದು ನೆನಪಿದೆಯೋ!

ಅರಿವಳಿಕೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಮದ್ದು ತಗುಲಿದ ಕೂಡಲೇ ಪ್ರಾಣಿ ಬೀಳುತ್ತದೆ ಎಂಬುದು ಸಿನಿಮಾ ಕಲಿಸಿದ ಭ್ರಮೆ. ಹಲವು ನಿಮಿಷಗಳೇ ಬೇಕು. ಉದ್ರೇಕಗೊಂಡ ಪ್ರಾಣಿಗೆ ಇನ್ನೂ ಹೆಚ್ಚು. ಸುತ್ತ ಜನಜಂಗುಳಿ ಕೂಗುತ್ತಿದ್ದರೆ ಆ ನಿಮಿಷಗಳಲ್ಲಿ ಏನೂ ಆಗಬಹುದು. 2016ರ ಫೆಬ್ರವರಿ 7ರ ಭಾನುವಾರ ವೈಟ್‌ಫೀಲ್ಡ್ ಭಾಗದ ಶಾಲೆಯೊಂದರೊಳಗೆ ಚಿರತೆ ಸಿಕ್ಕಿಕೊಂಡಾಗಲೂ ಹೀಗೆಯೇ ಆಯಿತು. ಹಿಡಿಯಲು ಹೋದವರು ಗಾಯಗೊಂಡರು, ಅವರಲ್ಲಿ ಸಂಜಯ್ ಗುಬ್ಬಿಯವರೂ ಒಬ್ಬರು. ಹಿಡಿದು ಬನ್ನೇರುಘಟ್ಟಕ್ಕೆ ಒಯ್ದ ಆ ಚಿರತೆ ವಾರದೊಳಗೆ ಪಂಜರದಿಂದ ತಪ್ಪಿಸಿಕೊಂಡು ಹೊರಟುಹೋಯಿತು.

ಚಿರತೆ ನಗರದ ರಸ್ತೆಗೆ ಏಕೆ ಇಳಿಯುತ್ತದೆ? ಉತ್ತರವನ್ನು ಕಸದ ರಾಶಿಯಿಂದ ಆರಂಭಿಸಬೇಕು. ಕೋಳಿ ಅಂಗಡಿಗಳ ತ್ಯಾಜ್ಯ, ಹೋಟೆಲಿನ ಎಂಜಲು ಬಿದ್ದಲ್ಲಿ ನಾಯಿಗಳು ಸೇರುತ್ತವೆ. ನಾಯಿಗಳಿದ್ದಲ್ಲಿಗೆ ಚಿರತೆ ಬರುತ್ತದೆ. ಮುಂಬಯಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಚಿರತೆಗಳು ವರ್ಷಕ್ಕೆ ಸುಮಾರು 1,500 ಬೀದಿನಾಯಿಗಳನ್ನು ತಿನ್ನುತ್ತವೆಂದೂ, ಅದರಿಂದ ನಾಯಿ ಕಡಿತಗಳು ಗಣನೀಯವಾಗಿ ತಗ್ಗುತ್ತವೆಂದೂ 2018ರ ಅಧ್ಯಯನವೊಂದು ಅಂದಾಜಿಸಿತು. ಎರಡನೆಯ ಉತ್ತರ ನಕ್ಷೆಯಲ್ಲಿದೆ. 260 ಚದರ ಕಿಲೋಮೀಟರ್ ವಿಸ್ತಾರದ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನ ಉತ್ತರದಿಂದ ದಕ್ಷಿಣಕ್ಕೆ ಚಾಚಿದ ಕಿರಿದಾದ ಪಟ್ಟಿ. ದಕ್ಷಿಣದಲ್ಲಿ ಅದು ಕಾವೇರಿ ವನ್ಯಧಾಮಕ್ಕೂ ತಮಿಳುನಾಡಿನ ತಳಿ ಕಾಡಿಗೂ ಹೊಂದಿಕೊಂಡಿದ್ದರೆ, ಉತ್ತರದ ತುದಿ ಬೆರಳು ಚಾಚಿ ನಗರವನ್ನು ಮುಟ್ಟಿದಂತಿದೆ. ಇದರ ಸುತ್ತಲಿನ ಪರಿಸರ ಸೂಕ್ಷ್ಮ ವಲಯ 2016ರ ಕರಡಿನಲ್ಲಿ 268.96 ಚದರ ಕಿಲೋಮೀಟರ್ ಇತ್ತು. 2020ರ ಮಾರ್ಚ್‌ನ ಅಂತಿಮ ಅಧಿಸೂಚನೆಯಲ್ಲಿ 168.84ಕ್ಕೆ ಇಳಿಯಿತು. ನೂರು ಚದರ ಕಿಲೋಮೀಟರ್ ಕಾಗದದಿಂದ ಅಳಿಸಿಹೋಯಿತು. ಕೆಲವೆಡೆ ಕಾಡಿನಂಚಿನಿಂದ ಕೇವಲ ನೂರು ಮೀಟರ್ ದೂರಕ್ಕೆ ರಕ್ಷಣೆ ಮುಗಿಯುತ್ತದೆ. ಚಿರತೆ ಸಫಾರಿಯ ಐವತ್ತು ಎಕರೆಗೆ ದೊರೆತ ಪ್ರಚಾರದಲ್ಲಿ ಈ ನೂರು ಚದರ ಕಿಲೋಮೀಟರಿಗೆ ಕಾಲುಭಾಗವೂ ಸಿಗಲಿಲ್ಲವೆಂಬುದು ವಿಷಾದದ ಸಂಗತಿ.

ಹಾಗಾದರೆ ಕಂಡಲ್ಲೆಲ್ಲ ಹಿಡಿದು ದೂರದ ಕಾಡಿಗೆ ಬಿಟ್ಟರಾಯಿತಲ್ಲ ಎಂಬ ಮಾತು ಊರಿನಲ್ಲೂ ನಗರದಲ್ಲೂ ಕೇಳಿಬರುತ್ತದೆ. ಬೋನು ತರಿಸಿ ಎಂದು ಪಂಚಾಯಿತಿಗೆ ಅರ್ಜಿ ಬರೆಯುವ ಮೊದಲು ಮಹಾರಾಷ್ಟ್ರದ ಜುನ್ನರ್ ಸೀಮೆಯ ಅನುಭವವನ್ನು ತಿಳಿಯಬೇಕು. ಅದೂ ಕಬ್ಬಿನ ನಾಡು. 2001ರಿಂದ ಅಲ್ಲಿ ಚಿರತೆಗಳನ್ನು ದೊಡ್ಡ ಪ್ರಮಾಣದಲ್ಲಿ ಹಿಡಿದು ಸಾಗಿಸತೊಡಗಿದ ಮೇಲೆ ಮನುಷ್ಯರ ಮೇಲಿನ ದಾಳಿ ಕಡಿಮೆಯಾಗುವ ಬದಲು ವರ್ಷಕ್ಕೆ ಸರಾಸರಿ ನಾಲ್ಕರಿಂದ ಹದಿನೇಳಕ್ಕೆ ಏರಿತೆಂದು ವಿದ್ಯಾ ಆತ್ರೇಯ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದರು. ಕಾರಣ ಊಹಿಸಲು ಕಷ್ಟವಿಲ್ಲ. ಊರಿನ ದಾರಿ, ಹೊಲ, ಮನುಷ್ಯರು ಓಡಾಡುವ ವೇಳೆ ಎಲ್ಲವನ್ನೂ ಅರಿತು ತಪ್ಪಿಸಿಕೊಂಡು ಬಾಳುತ್ತಿದ್ದ ಹಳೆಯ ಚಿರತೆಯನ್ನು ಕಿತ್ತು, ಗಾಯಗೊಂಡು ಕಂಗೆಟ್ಟ ಸ್ಥಿತಿಯಲ್ಲಿ, ಅದಕ್ಕೆ ಏನೊಂದೂ ತಿಳಿಯದ ನಾಡಿನಲ್ಲಿ ಬಿಟ್ಟರೆ ಅದು ಅಲ್ಲಿ ನಿಲ್ಲುವುದಿಲ್ಲ. ಇತ್ತ ತೆರವಾದ ಜಾಗಕ್ಕೆ ಊರಿನ ಪರಿಚಯವಿಲ್ಲದ ಎಳೆ ಚಿರತೆ ಬಂದು ನಿಲ್ಲುತ್ತದೆ. ಅದೇ ಸಂಶೋಧಕರು ಅಕೋಲೆ ಎಂಬಲ್ಲಿ ಕಾಡೇ ಇಲ್ಲದ ಹೊಲಗದ್ದೆಗಳ ನಡುವೆ ನೂರು ಚದರ ಕಿಲೋಮೀಟರಿಗೆ ಸುಮಾರು ಐದು ಚಿರತೆಗಳಿರುವುದನ್ನು 2013ರಲ್ಲಿ ತೋರಿಸಿದರು. ಊರಿನವರಲ್ಲಿ ಬಹುಮಂದಿ ಅವುಗಳನ್ನು ಕಂಡಿರಲೇ ಇಲ್ಲ.

ಇದರಿಂದ ಚಿರತೆ ನಿರಪಾಯಕಾರಿ ಎಂದು ಯಾರೂ ಭಾವಿಸಬಾರದು. 2022ರ ಅಕ್ಟೋಬರ್‌ನಿಂದ 2023ರ ಜನವರಿಯ ನಡುವೆ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ ನಾಲ್ವರು ಸತ್ತರು: ಇಬ್ಬರು ಕಾಲೇಜು ವಿದ್ಯಾರ್ಥಿಗಳು, ಒಬ್ಬ ಹಿರಿಯ ಮಹಿಳೆ, ಹನ್ನೊಂದು ವರ್ಷದ ಒಬ್ಬ ಬಾಲಕ. ಆ ಮನೆಗಳ ಮುಂದೆ ನಿಂತು ‘ಸಹಬಾಳ್ವೆ’ ಎಂಬ ಪದವನ್ನು ಉಚ್ಚರಿಸುವುದು ಸುಲಭವಲ್ಲ. ಮನುಷ್ಯರನ್ನೇ ಗುರಿಯಾಗಿಸಿಕೊಂಡ ಪ್ರಾಣಿಯನ್ನು ತೆಗೆಯಲೇಬೇಕು, ಬೇಗನೆ ತೆಗೆಯಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ 2022ರ ಗಣತಿಯಂತೆ ಕರ್ನಾಟಕದಲ್ಲಿರುವ ಸುಮಾರು 1,879 ಚಿರತೆಗಳಲ್ಲಿ ಅಂಥವು ಬೆರಳೆಣಿಕೆಯವು. ಒಂದರ ತಪ್ಪಿಗೆ ಸಿಕ್ಕಿದ್ದನ್ನೆಲ್ಲ ಬೋನಿಗೆ ಹಾಕಿದರೆ ಜುನ್ನರಿನ ಕಥೆ ಮರುಕಳಿಸುತ್ತದೆ.

ಮಲೆನಾಡಿನ ಹೋಂಸ್ಟೇಗಳವರು ಈ ಪ್ರವಾಸದ ಬೆಳೆಯನ್ನು ಊರಿಗೂ ತರಬಹುದಲ್ಲವೇ ಎಂದು ಕೇಳುವುದುಂಟು. ಅಡಕೆಯ ಎಲೆಚುಕ್ಕಿ ರೋಗದಿಂದ ತತ್ತರಿಸಿದ ತೋಟದವರಿಗೆ ಇನ್ನೊಂದು ಆದಾಯ ಬೇಡವೆನ್ನಲು ಯಾರಿಗೂ ಹಕ್ಕಿಲ್ಲ. ಆದರೆ ಬಂದ ಅತಿಥಿಗೆ ಎರಡು ದಿನದಲ್ಲಿ ಚಿರತೆ ತೋರಿಸುತ್ತೇವೆಂದು ಮಾತು ಕೊಟ್ಟ ದಿನವೇ ಅಡ್ಡದಾರಿ ಆರಂಭವಾಗುತ್ತದೆ. ರಾತ್ರಿ ಜೀಪಿಗೆ ಹೊಳಪಿನ ದೀಪ ಕಟ್ಟಿ ಘಾಟಿಯಲ್ಲಿ ಅಲೆಯುವುದು, ಕೋಳಿಯ ತ್ಯಾಜ್ಯವನ್ನು ಒಂದೇ ಜಾಗದಲ್ಲಿ ಹಾಕಿ ಚಿರತೆಗೆ ರೂಢಿ ಮಾಡಿಸುವುದು, ಕೊನೆಗೆ ನಾಯಿ ಅಥವಾ ಆಡನ್ನು ಕಟ್ಟುವುದು. ಮೊದಲನೆಯದು ಕಾನೂನಿನ ಕೈಗೆ ಸಿಕ್ಕಿಸುತ್ತದೆ. ಎರಡನೆಯದೂ ಮೂರನೆಯದೂ ಅದಕ್ಕಿಂತ ಕೆಟ್ಟವು, ಏಕೆಂದರೆ ಮನೆಯಂಗಳಕ್ಕೆ ಬಂದರೆ ಊಟ ಸಿಗುತ್ತದೆಂದು ಕಲಿತ ಚಿರತೆ ಪ್ರವಾಸಿ ಹೊರಟುಹೋದ ಮೇಲೂ ಬರುತ್ತದೆ. ಶಾಲೆಗೆ ಒಳದಾರಿ ಹಿಡಿದು ನಡೆಯುವ ಮಕ್ಕಳು ಅದೇ ಊರಿನವರು. ಇಂಥ ಏರ್ಪಾಡಿಗೆ ಗ್ರಾಮಸಭೆ ಸ್ಪಷ್ಟವಾಗಿ ಬೇಡವೆನ್ನಬೇಕು. ಹಕ್ಕಿ, ಕಪ್ಪೆ, ಕಾನಿನ ಮರಗಳನ್ನು ತೋರಿಸಿ ಗಳಿಸಲು ಅಡ್ಡಿಯಿಲ್ಲ.

ಊರಿನಲ್ಲಿ ಮಾಡಿಕೊಳ್ಳಬೇಕಾದ ಏರ್ಪಾಡುಗಳು ಹೆಚ್ಚು ಖರ್ಚಿನವಲ್ಲ. ನಾಯಿಯನ್ನು ರಾತ್ರಿ ಸರಪಳಿಯಲ್ಲಿ ಅಂಗಳದಲ್ಲಿ ಕಟ್ಟುವುದೆಂದರೆ ಅದನ್ನು ಒಪ್ಪಿಸಿಕೊಟ್ಟಂತೆ. ಮೇಲ್ಮುಚ್ಚಿಗೆಯಿರುವ ಗೂಡು ಬೇಕು. ಕರುವಿನ ಕೊಟ್ಟಿಗೆಗೆ ಗೋಡೆಗಿಂತ ಮಾಡಿನ ಸಂದಿಯೇ ದುರ್ಬಲ; ಚಿರತೆ ಬರುವುದು ಮೇಲಿನಿಂದ. ಹೊತ್ತು ಕಂತುವಾಗ ದರೆಯಂಚಿನಲ್ಲಿ ಬಗ್ಗಿ ಹುಲ್ಲು ಕೊಯ್ಯುವವರು ಇಬ್ಬರಾಗಿ ಹೋಗಬೇಕು, ಏಕೆಂದರೆ ಬಗ್ಗಿದ ಮನುಷ್ಯ ಚಿರತೆಯ ಕಣ್ಣಿಗೆ ನಾಲ್ಕು ಕಾಲಿನ ಪ್ರಾಣಿಯಂತೆ ಕಾಣಬಹುದು. ಎದುರು ಬಂದರೆ ಓಡದೆ, ನೆಟ್ಟಗೆ ನಿಂತು, ಗಟ್ಟಿಯಾಗಿ ಮಾತನಾಡುತ್ತ ಹಿಂದಕ್ಕೆ ಸರಿಯಬೇಕು.

ರಜೆಯಲ್ಲಿ ಬೆಂಗಳೂರಿನಿಂದ ಊರಿಗೆ ಬರುವ ವಿದ್ಯಾರ್ಥಿಗಳಿಗೆ ಒಂದು ಕೆಲಸವನ್ನು ಸೂಚಿಸಬಹುದು. ಮಳೆ ನಿಂತ ಮರುದಿನ, ಬೆಳಗಿನ ಬಿಸಿಲು ಚೆನ್ನಾಗಿ ಬಿದ್ದ ಮೇಲೆ ಮೂರು ನಾಲ್ಕು ಮಂದಿ ಕೂಡಿ ತೋಟದ ದಾರಿಯ ಕೆಸರನ್ನು ನೋಡುತ್ತ ನಡೆಯಲಿ. ನಾಯಿಯ ಹೆಜ್ಜೆಯಲ್ಲಿ ಉಗುರಿನ ಗುರುತು ಮೂಡಿರುತ್ತದೆ. ಚಿರತೆ ನಡೆಯುವಾಗ ಉಗುರನ್ನು ಒಳಗೆಳೆದುಕೊಳ್ಳುವುದರಿಂದ ಅದರಲ್ಲಿ ಮೂಡುವುದಿಲ್ಲ. ಅಂಗಾಲಿನ ಹಿಂಭಾಗದಲ್ಲಿ ಮೂರು ಉಬ್ಬುಗಳಿರುತ್ತವೆ, ಬೆರಳುಗಳು ನಾಲ್ಕು. ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು ಚಿತ್ರ ತೆಗೆದು, ಪ್ಲಾಸ್ಟರ್ ಆಫ್ ಪ್ಯಾರಿಸ್ ಕಲಸಿ ಅಚ್ಚು ಎತ್ತಿ, ದಿನಾಂಕ ಮತ್ತು ಜಾಗದ ಹೆಸರು ಬರೆದು ಊರಿನ ಶಾಲೆಯ ಕಪಾಟಿನಲ್ಲಿಡಲಿ. ಮುಂದಿನ ಮಳೆಗಾಲದ ಅಚ್ಚನ್ನು ಅದರ ಪಕ್ಕದಲ್ಲಿರಿಸಿ ಹೋಲಿಸಬಹುದು.